ಐತವಾರ ಮುಚ್ಚುವ ಮಣಿಯಂಗಡಿ

ಈ ಶುಕ್ರವಾರ ಬೆಳಿಗ್ಗೆ ಹಾಲಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸುತ್ತಿದ್ದೆ. ಸೋಫಾದ ಕೆಳಗೆ ಅದರ ಮೂತಿ ತೂರಿಸಿದ್ದೇ ತಡ, ಅದು ಏನನ್ನೋ ನುಂಗಿತು. ಮೊದಲು 'ಟಕ್' ಎಂದಿತು, ಆಮೇಲೆ ಕೊಳವೆಯುದ್ದಕ್ಕೂ ಟಕಟಕನೆ ಏನೋ ಹತ್ತಿಹೋಯಿತು, ಕೊನೆಗೆ ಚೀಲ ಸೇರಿ ಸುಮ್ಮನಾಯಿತು. ನಾನು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಅಡುಗೆಮನೆಯಿಂದ ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅವಳಿಗೆ ಏನೂ ಕೇಳಿಸಿರಲಿಲ್ಲ.

ಕುವೈತಿನಲ್ಲಿ ಮನೆ ಮಾಡಿದವರಿಗೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಮಾಡದವರಿಗೆ ಹೇಳಿದರೆ ನಂಬುವುದಿಲ್ಲ. ಕಿಟಕಿ ಮುಚ್ಚಿ, ಸಂದಿಗೆ ಟೇಪು ಅಂಟಿಸಿ, ದಪ್ಪ ಪರದೆ ಎಳೆದರೂ ಟಿವಿಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಕೂತಿರುತ್ತದೆ. ಅದಕ್ಕೇ ಅಬ್ಬಾಸಿಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಒಪ್ಪಂದವಿದೆ. ವಾರವಿಡೀ ಗುಡಿಸುವುದು ಅವಳು. ಶುಕ್ರವಾರ ರಜೆ, ಅವತ್ತು ಯಂತ್ರ ನನ್ನದು. ಇಪ್ಪತ್ತೆರಡು ವರ್ಷಗಳಿಂದ ಈ ಒಪ್ಪಂದಕ್ಕೆ ನಾನು ತಪ್ಪಿದವನಲ್ಲ. ತಪ್ಪಿದ್ದು ಬೇರೊಂದು ಕಡೆ, ಅದನ್ನೇ ಹೇಳಹೊರಟಿದ್ದೇನೆ. ಈ 'ಟಕ್' ಸದ್ದಿಗೂ ಯುರೋಪಿನ ಪ್ರಾಗ್ ಎಂಬ ಹಳೆಯ ಊರಿಗೂ ಏನು ಸಂಬಂಧ ಎಂದು ನೀವು ಕೇಳಿದರೆ, ಸಂಬಂಧ ಇದೆ. ಸ್ವಲ್ಪ ಸುತ್ತಿಕೊಂಡು ಹೋಗಬೇಕು, ಅಷ್ಟೆ.

ಗಿರಿಜಾಳ ಹತ್ತಿರ ಒಂದು ನೀಲಿ ಗಾಜಿನ ಮಣಿಸರವಿದೆ. ಚಿನ್ನವಲ್ಲ, ಬೆಳ್ಳಿಯಲ್ಲ, ಬರೀ ಗಾಜು. ಅವಳ ಅಜ್ಜಿ ಗದಗಿನಲ್ಲಿ ಬಳೆಗಾರನಿಂದ ಕೊಂಡದ್ದು, ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಇವಳಿಗೆ ಬಂತು. ಅದರ ತಗಡಿನ ಡಬ್ಬಿಯ ತಳದಲ್ಲಿ ಸವೆದ ಚೀಟಿಯೊಂದು ಅಂಟಿಕೊಂಡಿದೆ, ಚೆಕೊಸ್ಲೊವಾಕಿಯಾ ಎಂಬ ಇಂಗ್ಲಿಷ್ ಅಕ್ಷರಗಳು ಅರ್ಧ ಕಾಣುತ್ತವೆ. ಆ ಕಾಲಕ್ಕೆ ನಮ್ಮ ಕಡೆಯ ಬಳೆಗಾರರ ಪೆಟ್ಟಿಗೆಗೆ ಅಷ್ಟು ದೂರದಿಂದ ಗಾಜು ಬರುತ್ತಿತ್ತಂತೆ. ಒಟ್ಟು ಇಪ್ಪತ್ತೇಳು ಮಣಿ, ನಡುವಿನದು ಉಳಿದವಕ್ಕಿಂತ ದೊಡ್ಡದು. ಇವಳ ಅವ್ವ ಫೋನು ಮಾಡಿದಾಗ ಮೊಮ್ಮಗಳ ಪರೀಕ್ಷೆಯ ಸುದ್ದಿಗಿಂತ ಮೊದಲು ಆ ಸರದ ಸುದ್ದಿ ಕೇಳುತ್ತಿದ್ದರು.

ಹತ್ತು ವರ್ಷಗಳ ಹಿಂದೆ ಯಾರದೋ ಮನೆಯ ಸೀಮಂತಕ್ಕೆ ಹೊರಟಾಗ ಆ ಸರದ ದಾರ ಹರಿಯಿತು. ಮಣಿಗಳು ಹಾಲಿನ ತುಂಬ ಓಡಿದವು. ನಾನು, ಗಿರಿಜಾ, ಆಗ ಐದಾರು ವರ್ಷದವಳಾಗಿದ್ದ ನಮ್ಮ ಮಗಳು ಸ್ಫೂರ್ತಿ, ಮೂವರೂ ನೆಲಕ್ಕೆ ಬಿದ್ದು ಹೆಕ್ಕಿದೆವು. ಇಪ್ಪತ್ತಾರು ಸಿಕ್ಕವು. ಸಿಗದೇ ಹೋದದ್ದು ನಡುವಿನ ದೊಡ್ಡದು. ಗಿರಿಜಾ ಮೂರು ದಿನ ಹುಡುಕಿದಳು. ದಾರ ಹಳತಾಗಿದ್ದು ಗೊತ್ತಿದ್ದೂ ಪೋಣಿಸದೆ ಬಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

ನಾಲ್ಕನೆಯ ದಿನ ಶುಕ್ರವಾರ. ನಾನು ಯಂತ್ರ ಓಡಿಸಿದೆ. ಟಕ್, ಟಕಟಕ. ಸ್ಫೂರ್ತಿಯ ಆಟದ ಸಾಮಾನಿರಬೇಕು ಅಂದುಕೊಂಡು, ಚೀಲವನ್ನು ಒಯ್ದು ಕಟ್ಟಡದ ಕೆಳಗಿನ ದೊಡ್ಡ ಕಸದ ಡಬ್ಬಿಗೆ ಎಸೆದು ಬಂದೆ. ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಹೊಳೆಯಿತು, ನುಂಗಿದ್ದು ಮಣಿ. ಇಳಿದು ಓಡಿದೆ. ಡಬ್ಬಿ ಅಲ್ಲೇ ಇತ್ತು, ಚೀಲವೂ ಕಾಣುತ್ತಿತ್ತು, ಆದರೆ ಕೈಗೆ ಎಟುಕುವಂತಿರಲಿಲ್ಲ. ಒಳಗಿಳಿಯಬೇಕಿತ್ತು. ನಮ್ಮ ಎದುರು ಫ್ಲ್ಯಾಟಿನ ಶೆಟ್ಟರು ನೆರಳಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಇಸ್ತ್ರಿ ಮಾಡಿದ ಪೈಜಾಮ ತೊಟ್ಟಿದ್ದೆ. ಡಬ್ಬಿಗೆ ಎರಡು ಸುತ್ತು ಹಾಕಿದೆ, ವಾಕಿಂಗ್ ಬಂದವನ ಹಾಗೆ. ಆಮೇಲೆ ಮೇಲೆ ಹೋದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ. ಮಧ್ಯಾಹ್ನ ಕಸದ ಲಾರಿ ಬಂದು ಹೋಯಿತು.

ಗಿರಿಜಾಳಿಗೆ ಹೇಳಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತ ಹೋದೆ. ಮರುವರ್ಷ ಅವಳ ಅವ್ವ ತೀರಿಕೊಂಡರು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಏಕೆಂದರೆ ಕೊನೆಯ ಸಲ ನಾವು ಊರಿಗೆ ಹೋದಾಗ ಅವರು ಕೇಳಿದ್ದರು, ಸರ ಎಲ್ಲಿ, ಯಾಕೆ ಹಾಕಿಕೊಂಡು ಬಂದಿಲ್ಲ ಎಂದು. ಗಿರಿಜಾ ಲಾಕರಿನಲ್ಲಿದೆ ಎಂದಿದ್ದಳು. ನಾನು ಅಲ್ಲೇ ಇದ್ದೆ.

ಇಷ್ಟು ಹೇಳಿದ ಮೇಲೆ ಪ್ರಾಗಿಗೆ ಹೋಗೋಣ. ಎರಡು ವರ್ಷಗಳ ಹಿಂದೆ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ನಮ್ಮ ಆಫೀಸಿನವರೆಲ್ಲ ಇಂಥ ಹೊತ್ತಿಗೆ ಪ್ಯಾರಿಸ್ಸಿಗೋ ಸ್ವಿಟ್ಜರ್ಲೆಂಡಿಗೋ ಹೋಗಿ, ಕೆಂಪು ಜಾಕೀಟು ತೊಟ್ಟು, ಹಿಮದಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನೂ ಜಾಕೀಟಿನ ಕನಸಿನಲ್ಲೇ ಇದ್ದೆ. ಗಿರಿಜಾ ಡಬ್ಬಿಯ ತಳದ ಚೀಟಿ ತೋರಿಸಿ, "ಹೋಗೂದಿದ್ರ ಇಲ್ಲಿಗೆ ಹೋಗೂನು" ಎಂದಳು. ಹಳೆಯ ಗಾಜಿನ ಮಣಿ ಮಾರುವ ಒಂದು ಪುಟ್ಟ ಅಂಗಡಿಯನ್ನು, ಆ ದೇಶದ ರಾಜಧಾನಿಯಾಗಿದ್ದ ಪ್ರಾಗಿನಲ್ಲಿ, ಫೋನಿನಲ್ಲೇ ಹುಡುಕಿ ಇಟ್ಟಿದ್ದಳು. "ನಡುವಿನ ಮಣಿ ಸಿಕ್ರ ಸಾಕು. ಉಳಿದದ್ದೆಲ್ಲ ನೀವು ಎಲ್ಲಿ ಕರಕೊಂಡು ಹೋಗ್ತೀರಿ ಅಲ್ಲಿ ಬರ್ತೀನಿ."

ಉಳಿದದ್ದನ್ನು ನನಗೆ ಬಿಟ್ಟಳಲ್ಲ, ಅಲ್ಲೇ ಕೆಟ್ಟದ್ದು. ನಾನು ಕುವೈತಿನ ಅರ್ದಿಯಾದ ಒಂದು ಗೋದಾಮಿನಲ್ಲಿ ಪ್ಲಾನಿಂಗ್ ಎಂಜಿನಿಯರ್. ಯಾವ ಲಾರಿ ಎಷ್ಟು ಗಂಟೆಗೆ ಬರಬೇಕು, ಯಾವ ಪೆಟ್ಟಿಗೆ ಯಾವ ಹಲಗೆಗೆ ಹೋಗಬೇಕು ಎಂದು ಕೋಷ್ಟಕ ಬರೆಯುವುದು ನನ್ನ ಕಸುಬು. ನಮ್ಮ ಈಜಿಪ್ಟಿನ ಫೋರ್‌ಮನ್ ಆ ಕಾಗದವನ್ನು ಎರಡೂ ಕೈಯಲ್ಲಿ ಗೌರವದಿಂದ ಇಸಿದುಕೊಂಡು, ಓದದೆ ಮಡಚಿ ಜೇಬಿಗಿಟ್ಟು, "ಖಲಾಸ್, ಯಲ್ಲಾ", ಅಂದರೆ ಆಯಿತು ನಡೀರಿ, ಎಂದು ತನಗೆ ತಿಳಿದಂತೆ ಕೆಲಸ ಮಾಡಿಸುತ್ತಾನೆ. ಕೊನೆಗೂ ನನ್ನ ಕೋಷ್ಟಕವನ್ನು ಅಕ್ಷರಶಃ ಪಾಲಿಸುವ ಒಬ್ಬರು ಸಿಕ್ಕರು ಎಂಬ ಹುಮ್ಮಸ್ಸಿನಲ್ಲಿ ನಾನು ಪ್ರಾಗಿಗೆ ನಾಲ್ಕು ಹಾಳೆಯ ಯೋಜನೆ ಮಾಡಿದೆ. ಗುರುವಾರ ಸಂಜೆ ಇಳಿಯುವುದು. ಶುಕ್ರವಾರ ಕೋಟೆ. ಶನಿವಾರ ಹಳೆಯ ಚೌಕ, ಅಲ್ಲಿನ ಹೆಸರಾಂತ ಬೊಂಬೆ ಗಡಿಯಾರ, ದೋಣಿ. ಭಾನುವಾರ ಬೆಳಿಗ್ಗೆ ಮಣಿಯಂಗಡಿ, ಸಂಜೆ ವಿಮಾನ. ಗಡಿಯಾರಕ್ಕೆ ಹನ್ನೆರಡು ನಿಮಿಷ ಕೊಟ್ಟಿದ್ದೆ.

ಅಂಗಡಿಯನ್ನು ಕೊನೆಯ ದಿನಕ್ಕೆ ಇಟ್ಟದ್ದರ ಹಿಂದೆ ತರ್ಕವಿತ್ತು. ಅವರ ಪುಟದಲ್ಲಿ 'ವಾರದ ದಿನಗಳಲ್ಲಿ ಮಾತ್ರ, ಹತ್ತರಿಂದ ಐದು' ಎಂದು ಬರೆದಿತ್ತು. ಶುಕ್ರವಾರ, ಶನಿವಾರ ಮುಚ್ಚಿರುತ್ತದೆ. ಭಾನುವಾರ ವಾರದ ಮೊದಲ ದಿನ, ಹತ್ತಕ್ಕೆ ಬಾಗಿಲು ತೆಗೆಯುವಾಗ ನಾವೇ ಮೊದಲ ಗಿರಾಕಿಗಳು. ನಿಮಗೆ ಈಗಾಗಲೇ ನಗು ಬಂದಿರಬೇಕು. ನನಗೆ ಬರಲಿಲ್ಲ. ಕುವೈತಿನಲ್ಲಿ ಇಪ್ಪತ್ತು ವರ್ಷ ಭಾನುವಾರ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೋದವನಿಗೆ, ಶುಕ್ರವಾರ ಬಂದರೆ ಊರೆಲ್ಲ ಕದ ಹಾಕಿಕೊಳ್ಳುವುದನ್ನು ನೋಡಿದವನಿಗೆ, ಭೂಮಿಯೇ ಹೀಗೆ ತಿರುಗುತ್ತದೆ ಎನಿಸಿಬಿಟ್ಟಿರುತ್ತದೆ. ಗಿರಿಜಾಳಿಗೂ ಅನುಮಾನ ಬರಲಿಲ್ಲ. ಅವಳೂ ಅಲ್ಲಿಯವಳೇ ತಾನೆ.

ಶುಕ್ರವಾರ ಕೋಟೆಗೆ ಹತ್ತುವಾಗ ಆ ಅಂಗಡಿಯ ಓಣಿಯ ಬಾಯಿಂದಲೇ ಹೋದೆವು. ಗಿರಿಜಾ ಫೋನಿನ ನಕ್ಷೆ ನೋಡಿ ನಿಂತಳು. "ರೀ, ಇಲ್ಲೇ ಐತಿ. ಒಂದು ಸಲ ಹಣಿಕಿ ಹಾಕಿ ಬರೂನೇನು?"

"ಇವತ್ತು ಶುಕ್ರವಾರ. ಮುಚ್ಚಿರ್ತೈತಿ. ಕೋಟೆಗೆ ತಡ ಆಗ್ತದ, ನಡಿ" ಎಂದೆ.

ನಡೆದಳು. ಅವಳು ಚೂಡಿದಾರಿನ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಕಾಲಿಗೆ ಮಗಳ ಓಟದ ಬೂಟು ಹಾಕಿಕೊಂಡಿದ್ದಳು. ಕೈಚೀಲದಲ್ಲಿ ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿಪುಡಿ, ಮತ್ತು ಆ ತಗಡಿನ ಡಬ್ಬಿ. ಕೋಟೆ ದೊಡ್ಡದಾಗಿತ್ತು. ಬಣ್ಣದ ಗಾಜಿನ ಕಿಟಕಿಗಳ ಮುಂದೆ ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು, ನಾನು ಎರಡು ಸಲ ವಾಚು ನೋಡಿಕೊಂಡೆ. ಮರುದಿನ ಗಡಿಯಾರದ ಮುಂದೆ ಜಗತ್ತೇ ನೆರೆದಿತ್ತು. ಗಂಟೆ ಹೊಡೆದಾಗ ಮೇಲೆ ಕಿಟಕಿ ತೆರೆದು ನಾಲ್ಕಾರು ಬೊಂಬೆಗಳು ಇಣುಕಿ ಹೋದವು. "ಮುಗೀತೇನು?" ಎಂದಳು. ನನ್ನ ಹನ್ನೆರಡು ನಿಮಿಷದಲ್ಲಿ ಹತ್ತು ಉಳಿದವು.

ಭಾನುವಾರ, ನಮ್ಮ ಕೊನೆಯ ದಿನ, ಒಂಬತ್ತೂವರೆಗೆ ಓಣಿಗೆ ಹೋದೆವು. ಚರ್ಚಿನ ಗಂಟೆಗಳು ಒಂದರ ಹಿಂದೆ ಒಂದು ಬಾರಿಸುತ್ತಿದ್ದವು. ಹಬ್ಬವಿರಬೇಕು ಅಂದುಕೊಂಡೆ. ಅಂಗಡಿಯ ಬಾಗಿಲು ಹಾಕಿತ್ತು. ಹತ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತಲ್ಲ. ಪ್ರದರ್ಶನದ ಕಿಟಕಿಯೊಳಗೆ ಮರದ ತಟ್ಟೆಗಳಲ್ಲಿ ಮಣಿಗಳು ಬಣ್ಣ ಬಣ್ಣವಾಗಿ ಕೂತಿದ್ದವು. ಗಿರಿಜಾ ನನ್ನ ತೋಳು ಹಿಡಿದು ಬೆರಳು ಮಾಡಿದಳು. ಎಡಗಡೆಯ ತಟ್ಟೆಯಲ್ಲಿ ಅದೇ ನೀಲಿ. ಡಬ್ಬಿ ತೆಗೆದು, ಸರವನ್ನು ಗಾಜಿಗೆ ತಾಗಿಸಿ ಹಿಡಿದು, ತಾಳೆ ನೋಡಿದಳು. ಅದೇ ನೀಲಿ, ಅದೇ ಅಳತೆಯ ದೊಡ್ಡ ಮಣಿ. ಅವಳ ಮುಖ ಅವತ್ತು ಹೇಗಿತ್ತೆಂದರೆ, ನನಗೆ ಒಂದು ಕ್ಷಣ ನನ್ನ ಗುಟ್ಟು ಇನ್ನು ಯಾರಿಗೂ ಬೇಕಾಗುವುದಿಲ್ಲ ಎಂದು ನೆಮ್ಮದಿಯಾಯಿತು. ಮಣಿ ಸಿಕ್ಕಿತು, ಕತೆ ಮುಗಿಯಿತು.

ಹತ್ತಾಯಿತು. ಹತ್ತೂಕಾಲಾಯಿತು. "ಬರ್ತಾರ ತಗೋ, ವಾರದ ಮೊದಲ ದಿನ, ಸ್ವಲ್ಪ ತಡ ಆಗ್ತದ" ಎಂದೆ. ಹತ್ತೂವರೆಗೆ ನಾಯಿ ಹಿಡಿದುಕೊಂಡು ಒಬ್ಬ ಮುದುಕ ಬಂದ. ನಮ್ಮನ್ನು ನೋಡಿ, ಬಾಗಿಲು ನೋಡಿ, ಕನಿಕರದಿಂದ "ಸಂಡೇ" ಎಂದ. ನಾನು ಹೌದು, ಸಂಡೇ, ಅದಕ್ಕೇ ಬಂದಿದ್ದೇವೆ ಎಂದೆ. ಅವನು ಇನ್ನಷ್ಟು ಕನಿಕರದಿಂದ "ಮಂಡೇ, ಮಂಡೇ" ಎಂದು ಹೇಳಿ, ನಾಯಿಯ ಜೊತೆ ಹೋದ. ನಾವು ಸೋಮವಾರದ ಹೊತ್ತಿಗೆ ಅಬ್ಬಾಸಿಯಾದಲ್ಲಿರುತ್ತಿದ್ದೆವು.

ಆಗ ನನಗೆ ತಿಳಿಯಿತು. ಶುಕ್ರವಾರ ಈ ಬಾಗಿಲು ತೆರೆದಿತ್ತು. ನಾನೇ ಓಣಿಯ ಬಾಯಿಂದ ಅವಳನ್ನು ನಡೆಸಿಕೊಂಡು ಹೋಗಿದ್ದೆ.

ಗಿರಿಜಾ ಬಯ್ಯುತ್ತಾಳೆ ಎಂದು ಕಾದೆ. ಅವಳು ಸರವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಇರ್ಲಿ ಬಿಡ್ರಿ. ನಿಮ್ದೇನು ತಪ್ಪಿಲ್ಲ. ಕಳದಾಕಿ ನಾನು. ಅಷ್ಟು ಹಗರಕ ಸಿಗಬಾರ್ದು ಅಂತ ಇರಬೇಕು."

ಅವಳು ಬೈದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ ಎಂದೇ ಕಾಣುತ್ತದೆ. ಬೈಗುಳ ಕೇಳಿಕೊಂಡು, ಲೆಕ್ಕ ಚುಕ್ತಾ ಎಂದು ಮನೆಗೆ ಹೋಗಿಬಿಡುತ್ತಿದ್ದೆ. ನಿಮ್ದೇನು ತಪ್ಪಿಲ್ಲ ಎಂಬ ಮಾತನ್ನು ಮಾತ್ರ ತಡೆಯಲಾಗಲಿಲ್ಲ. "ಕಳದಾಕಿ ನೀ ಅಲ್ಲ, ನಾನು" ಎಂದೆ. ಮುಚ್ಚಿದ ಬಾಗಿಲಿನ ಮುಂದೆ ನಿಂತು ಯಂತ್ರ, ಚೀಲ, ಮೆಟ್ಟಿಲು ಎಲ್ಲ ಹೇಳಿದೆ.

ಅವಳು ಕೇಳಿಸಿಕೊಂಡಳು. ಆಮೇಲೆ, "ಯಾವಾಗ ಗೊತ್ತಾತು?" ಎಂದಳು.

"ಅವತ್ತ ಗೊತ್ತಾತು."

"ಕಸದ ಡಬ್ಬಿ ಅಲ್ಲೇ ಇತ್ತು?"

"ಇತ್ತು. ಚೀಲಾನೂ ಕಾಣತಿತ್ತು."

"ಮತ್ತ?"

"ಶೆಟ್ಟರು ನಿಂತಿದ್ರು" ಎಂದೆ. ಅಷ್ಟು ಚಿಕ್ಕ ಕಾರಣವನ್ನು ಅಷ್ಟು ವರ್ಷ ಹೊತ್ತಿದ್ದೆನಲ್ಲ ಎಂದು ನನಗೇ ಆಗ ಅನಿಸಿತು.

ಗಿರಿಜಾ ತಿರುಗಿ ನಡೆದಳು. ಅಷ್ಟು ಚುರುಕಾಗಿ ಅವಳು ನಾಲ್ಕು ದಿನದಲ್ಲಿ ನಡೆದಿರಲಿಲ್ಲ. ಇಳಿಜಾರಿನ ಕಲ್ಲುಹಾಸು, ಮಗಳ ಬೂಟು ಬೇರೆ. ನಾನು ಹತ್ತು ಹೆಜ್ಜೆ ಹಿಂದೆ. ಹಳೆಯ ಕಲ್ಲಿನ ಸೇತುವೆಗೆ ಬಂದೆವು. ಎರಡೂ ಬದಿಯಲ್ಲಿ ಸಂತರ ವಿಗ್ರಹಗಳು ಸಾಲಾಗಿ ನಿಂತಿವೆ. ಒಬ್ಬೊಬ್ಬರೂ ನನ್ನನ್ನೇ ನೋಡಿದಂತೆ ಭಾಸವಾಯಿತು. ನನ್ನ ಕೋಷ್ಟಕದ ಪ್ರಕಾರ ಆ ಹೊತ್ತಿಗೆ ನಾವು ಈ ಸೇತುವೆಯ ಮೇಲೆ ಕೈ ಕೈ ಹಿಡಿದು ಫೋಟೋ ತೆಗೆಸಿಕೊಳ್ಳಬೇಕಿತ್ತು.

ಸೇತುವೆ ದಾಟಿ, ನದಿಯ ದಂಡೆಯ ಬೆಂಚಿನ ಮೇಲೆ ಅವಳು ಕೂತಳು. ನಾನು ಬೆಂಚಿನ ಇನ್ನೊಂದು ತುದಿಗೆ ಕೂತೆ. ಹಂಸಗಳು ನಮ್ಮ ಕಡೆಗೆ ಬಂದವು. ಅವಳು ರೊಟ್ಟಿ ಡಬ್ಬಿ ತೆರೆದು, ಒಂದು ರೊಟ್ಟಿ ಮುರಿದು, ಚಟ್ನಿಪುಡಿ ಹಾಕಿಕೊಂಡು ತಿಂದಳು. ಡಬ್ಬಿ ಮುಚ್ಚಿದಳು. ಇಪ್ಪತ್ತೈದು ವರ್ಷದಲ್ಲಿ ನನಗೆ ಕೊಡದೆ ಅವಳು ತಿಂದ ಮೊದಲ ರೊಟ್ಟಿ ಅದು. ಹಸಿವಾಗಿತ್ತು ಎಂದು ಹೇಳಿಕೊಳ್ಳಲು ನನಗೆ ಬಾಯಿರಲಿಲ್ಲ.

"ಮಣಿ ಹೋತು ಅಂತಲ್ಲ" ಎಂದಳು ನೀರು ನೋಡುತ್ತ. "ನಮ್ಮವ್ವ ಮೂರು ಸಲ ಕೇಳಿದ್ಲು. ಮೂರು ಸಲಾನೂ ಲಾಕರ್‌ನ್ಯಾಗ ಐತಿ ಅಂತ ಸುಳ್ಳು ಹೇಳಿದೆ. ಆಕಿ ಹಾಸಿಗಿ ಹಿಡದಿದ್ಲು. ನೀವು ಬಾಜೂಕ ಕುಂತು ಚಾ ಕುಡೀತಿದ್ರಿ."

"ಹೌದು" ಎಂದೆ. ಅವಳು ಅತ್ತಳು. ನನಗೂ ಕಣ್ಣು ತುಂಬಿತು. ನಡುಹಗಲಿನಲ್ಲಿ, ಪ್ರವಾಸಿಗರ ಮಧ್ಯೆ, ಜೋಳದ ರೊಟ್ಟಿಯ ಡಬ್ಬಿ ನಡುವೆ ಇಟ್ಟುಕೊಂಡು ಇಬ್ಬರು ನಡುವಯಸ್ಸಿನವರು ಅಳುತ್ತಿರುವುದನ್ನು ಹಂಸಗಳಲ್ಲದೆ ಯಾರೂ ಲಕ್ಷಿಸಲಿಲ್ಲ. ಅದು ಆ ಊರಿನ ದೊಡ್ಡ ಗುಣ.

ಸ್ವಲ್ಪ ಹೊತ್ತಿನ ಮೇಲೆ ಅವಳು ಶಾಲಿನಿಂದ ಮೂಗು ಒರೆಸಿಕೊಂಡು, "ಹೋಗ್ರಿ, ಒಂದು ಮಣಿ ತರ್ರಿ" ಎಂದಳು.

"ಅಂಗಡಿ ಮುಚ್ಚೇತಲ್ಲ."

"ಸೇತುವೆ ಮ್ಯಾಲೆ ಮಾರಾಕ ಕುಂತಾರ. ನೀವ ಆರಿಸಿ ತರ್ರಿ."

"ಆ ನೀಲಿ ಅಲ್ಲಿ ಸಿಗಂಗಿಲ್ಲ, ಗಿರಿಜಾ."

"ನೀಲಿ ಬ್ಯಾಡ. ನೀಲಿ ಹಾಕಿದ್ರ ಏನೂ ಕಳದ ಇಲ್ಲ ಅನ್ನೂ ಹಂಗ ಆಕ್ಕತಿ. ಬ್ಯಾರೆ ಬಣ್ಣ ತರ್ರಿ. ಕಾಣ್ಲಿ."

ಹೋದೆ. ನಾನು ಅಂಗಡಿಯಲ್ಲಿ ಇವಳಿಗಾಗಿ ಏನನ್ನೂ ಒಬ್ಬನೇ ಆರಿಸಿದವನಲ್ಲ. ಸೀರೆಯ ಅಂಗಡಿಯಲ್ಲಿ ನನ್ನ ಕೆಲಸ ಕುರ್ಚಿಯ ಮೇಲೆ ಕೂರುವುದು. ಸೇತುವೆಯ ಮೇಲೆ ಟೊಪ್ಪಿಗೆ ಹಾಕಿಕೊಂಡ ಹೆಂಗಸೊಬ್ಬಳ ತಟ್ಟೆಯ ಮುಂದೆ ನಿಂತು, ಒಂದೊಂದೇ ಮಣಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದೆ. ಹಸಿರು ಚೆನ್ನಾಗಿತ್ತು, ಆದರೆ ನೀಲಿಯ ನಡುವೆ ಅಡಗಿಕೊಳ್ಳುತ್ತಿತ್ತು. ಹಳದಿ ನನಗೇ ಹಿಡಿಸಲಿಲ್ಲ. ಕೊನೆಗೆ ಕೆಂಪು ಆರಿಸಿದೆ, ದಾಳಿಂಬೆ ಕಾಳಿನಂಥದು, ನಡುವೆ ಸಣ್ಣ ಗುಳ್ಳೆಯಿತ್ತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಆ ನಾಲ್ಕು ದಿನದಲ್ಲಿ ನಾನು ವಾಚು ನೋಡದೆ ಕಳೆದ ಹೊತ್ತು ಅದೊಂದೇ. ಹಿಂತಿರುಗಿದಾಗ ಬೆಂಚಿನ ಮೇಲೆ ನನ್ನ ಜಾಗದಲ್ಲಿ ಅರ್ಧ ರೊಟ್ಟಿ ಕಾಗದದ ಮೇಲೆ ಇತ್ತು. ಅರ್ಧ ಮಾತ್ರ.

ವಿಮಾನ ನಿಲ್ದಾಣದಲ್ಲಿ, ಹೋಟೆಲಿನವರು ಕೊಟ್ಟಿದ್ದ ಪುಟ್ಟ ಸೂಜಿದಾರದ ಪೊಟ್ಟಣ ತೆಗೆದು, ಸರ ಬಿಚ್ಚಿ ಅವಳು ಹೊಸದಾಗಿ ಪೋಣಿಸತೊಡಗಿದಳು. ಇಪ್ಪತ್ತಾರು ನೀಲಿ, ಒಂದು ಕೆಂಪು, ಎಲ್ಲ ನನ್ನ ಕರವಸ್ತ್ರದಲ್ಲಿ. ನನ್ನ ಬೊಗಸೆಯಲ್ಲಿ ಕರವಸ್ತ್ರ. "ಅಳ್ಳಾಡಬ್ಯಾಡ್ರಿ. ಒಂದು ಬಿತ್ತೋ, ನೋಡ್ರಿ ಮತ್ತ" ಎಂದಳು. ಮುಕ್ಕಾಲು ಗಂಟೆ ನಾನು ಸೀನನ್ನೂ ತಡೆದುಕೊಂಡು ಕೂತಿದ್ದೆ.

ಆಮೇಲಿನದು ನನ್ನ ಶಿಕ್ಷೆಯ ಕತೆ. ಸರ ಹಾಕಿಕೊಂಡು ಹೋದಲ್ಲೆಲ್ಲ ಆ ಕೆಂಪು ಮಣಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಗಿರಿಜಾ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ. ಏನನ್ನೂ ಬಿಡುವುದಿಲ್ಲ, ಪೈಜಾಮ ಕೂಡ. ಮೊದಲು ಕೇಳಿದ್ದು ನಾವಿಲ್ಲದಾಗ ಸ್ಫೂರ್ತಿಯನ್ನು ನೋಡಿಕೊಂಡಿದ್ದ ಶೆಟ್ಟರ ಮನೆಯವರೇ. "ಎಂತ ಗಿರಿಜಕ್ಕ, ಒಂದು ಮಣಿ ಮಾತ್ರ ಕೆಂಪು ಉಂಟಲ್ಲ?" ಎಂದರು ಶೆಟ್ಟರ ಹೆಂಡತಿ. ಕತೆ ಮುಗಿದಾಗ ಶೆಟ್ಟರು ನನ್ನ ಕಡೆ ತಿರುಗಿದರು. "ನಾನು ನೋಡಿದ್ದೆ ಮಾರಾಯ್ರೆ, ನೀವು ಡಬ್ಬಿಗೆ ಸುತ್ತು ಹಾಕಿದ್ದು. ಹೇಳುವುದಲ್ವಾ? ನಾನೇ ಇಳಿಯುತ್ತಿದ್ದೆ. ನನ್ನದು ಹೇಗೂ ಹಳೇ ಲುಂಗಿ." ಸ್ಫೂರ್ತಿ ಇದನ್ನೆಲ್ಲ ಕೇಳಿಸಿಕೊಂಡು, "ಅಪ್ಪಾ, ಸೀರಿಯಸ್ಲಿ?" ಎಂದಳು. ನಮ್ಮ ಮಕ್ಕಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಅದೇ ತೊಂದರೆ.

ಈಗ ಈ ಶುಕ್ರವಾರಕ್ಕೆ ಬರುತ್ತೇನೆ. ಪ್ಲಗ್ ಹಿಡಿದು ನಿಂತಿದ್ದವನು, ಹಳೆಯ ಪೇಪರು ತಂದು ಹಾಲಿನ ನಡುವೆ ಹಾಸಿ, ಯಂತ್ರದ ಹೊಟ್ಟೆ ಬಿಚ್ಚಿ ಚೀಲ ತೆಗೆದೆ. ನಂತರ ಅಡುಗೆಮನೆಯ ಕಡೆಗೆ ಕೂಗಿ ಹೇಳಿದೆ, "ಗಿರಿಜಾ, ಇದು ಏನೋ ನುಂಗೇತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಬಂದು ಬಾಗಿಲಲ್ಲಿ ನಿಂತಳು, ಎರಡೂ ಕೈ ಹಿಟ್ಟು. ಮೊದಲು ಕೊರಳು ಮುಟ್ಟಿಕೊಂಡಳು. ಸರ ಇತ್ತು. ನಾನು ಚೀಲ ಹರಿದು ಧೂಳನ್ನು ಪೇಪರಿನ ಮೇಲೆ ಸುರುವಿದೆ. ಕೂದಲು, ಮರಳು, ಒಂದು ಕಡಲೆಕಾಳು, ಪೆನ್ನಿನ ಮುಚ್ಚಳ. ಬೆರಳಾಡಿಸುತ್ತ ಹೋದೆ. ಅವಳೂ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

ತಳದಲ್ಲಿ ಏನೋ ಮಿನುಗಿತು. ಉಜ್ಜಿದೆ. ಬೆಂಡೋಲೆಯ ತಿರುಪು. ಗಿರಿಜಾ ಮಣಿಕಟ್ಟಿನಿಂದ ಎಡಗಿವಿ ಮುಟ್ಟಿ ನೋಡಿಕೊಂಡಳು. ಓಲೆ ಇನ್ನೇನು ಬೀಳುವಂತೆ ಜೋತಿತ್ತು.

"ಬಿದ್ದದ್ದು ನನಗ ಗೊತ್ತ ಇರಲಿಲ್ಲ" ಎಂದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಕಿವಿಯನ್ನು ನನ್ನ ಕಡೆಗೆ ತಿರುಗಿಸಿದಳು. "ನನ್ನ ಕೈ ಹಿಟ್ಟಾಗೇವ. ನೀವ ಹಾಕ್ರಿ."

"ನನ್ನ ಕೈ ಧೂಳಾಗೇವ."

"ಆಗ್ಲಿ, ಹಾಕ್ರಿ."

ಅಷ್ಟು ಸಣ್ಣ ತಿರುಪನ್ನು ನಾನು ಎಂದೂ ಹಿಡಿದವನಲ್ಲ. ಎರಡು ಸಲ ಬೆರಳಿನಿಂದ ಜಾರಿ ಪೇಪರಿನ ಮೇಲೆ ಬಿತ್ತು, ಎರಡು ಸಲವೂ ಇಬ್ಬರೂ ಹುಡುಕಿದೆವು. ಮೂರನೆಯ ಸಲ ಕೂತಿತು.